ಪೊರಕೆ ಇದೆ, ಗುಡಿಸಿದವರು ಎಲ್ಲಿ?

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿದರು. ಅದರ ಮೇಲೆ ಒಂದು ಹಿತ್ತಾಳೆ ಚೆಂಬು, ಒಂದು ಗಾಜಿನ ಲೋಟ, ಎರಡು ಸೇಬು ಇಟ್ಟರು. "ಇದನ್ನ ನೋಡ್ಕೊಂಡು ಬರೀರಿ. ಇದಕ್ಕೆ ಸ್ಟಿಲ್ ಲೈಫ್ ಅಂತಾರೆ" ಅಂದರು. ನಮ್ಮಲ್ಲಿ ಅರ್ಧ ಜನ ಜ್ವರ ಬಂದಾಗ ಬಿಟ್ಟರೆ ಸೇಬು ತಿಂದವರಲ್ಲ. ಮೇಜಿನ ಹಿಂದೆ ಗೋಡೆಗೆ ಒರಗಿಸಿದ ಒಂದು ಪೊರಕೆ ಇತ್ತು. ಕಣ್ಣಿಗೆ ಕಂಡದ್ದನ್ನೆಲ್ಲ ಬರೆಯಬೇಕು ಅಂತ ತಿಳಿದು ನಾನು ಅದನ್ನೂ ಬರೆದೆ. ಮೇಷ್ಟ್ರು ಬಂದು ನೋಡಿ, ನನ್ನ ರಬ್ಬರನ್ನೇ ತಗೊಂಡು ಪೊರಕೆಯನ್ನು ಉಜ್ಜಿ ಹಾಕಿ, "ಇದೆಲ್ಲ ಸ್ಟಿಲ್ ಲೈಫಲ್ಲಿ ಬರಲ್ಲ ಕಣೋ" ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಕೆಟ್ಟ ಮನುಷ್ಯರೇನೂ ಅಲ್ಲ ಅವರು. ಆ ಪೊರಕೆ ನಮ್ಮವ್ವನದು. ದಿನಾ ಬೆಳಗ್ಗೆ ಏಳು ಗಂಟೆಗೆ ಅವ್ವ ಆ ಸ್ಕೂಲು ಗುಡಿಸಿ ಹೋಗುತ್ತಿದ್ದಳು. ಒಂಬತ್ತೂವರೆಗೆ ನಾನು ಬಂದು ಅವಳು ಗುಡಿಸಿದ ನೆಲದ ಮೇಲೆ ಕೂರುತ್ತಿದ್ದೆ.

ಕಾಲೇಜಿಗೆ ಸೇರಿದ ಮೇಲೆ ಲೈಬ್ರರಿಯಲ್ಲಿ ಫೋಟೋಗ್ರಫಿಯ ಚರಿತ್ರೆ ಹೇಳುವ ಒಂದು ದಪ್ಪ ಪುಸ್ತಕ ಸಿಕ್ಕಿತು. ತೆರೆದ ಸ್ವಲ್ಪ ಹೊತ್ತಿಗೇ ಒಂದು ಪೊರಕೆ. 1844ರಲ್ಲಿ ತೆಗೆದ ಫೋಟೋ. ಕೊಟ್ಟಿಗೆಯ ಬಾಗಿಲಿಗೆ ಒರಗಿಸಿಟ್ಟ ಕಡ್ಡಿ ಪೊರಕೆ. ಮೇಷ್ಟ್ರು ಹೇಳಿದ್ದು ತಪ್ಪು ಅಂತ ಅವತ್ತು ಗೊತ್ತಾಯಿತು. ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ವಿಷಯವೂ ತಿಳಿಯಿತು. ಚಿತ್ರದೊಳಕ್ಕೆ ಪೊರಕೆ ಬಂದಿದೆ, ಪೊರಕೆ ಹಿಡಿದವರು ಬಂದಿಲ್ಲ. ವಸ್ತುಗಳನ್ನಿಟ್ಟು ಫೋಟೋ ತೆಗೆಯುವ ಈ ಕಲೆಗೆ ಇವತ್ತಿಗೆ ನೂರ ಎಂಬತ್ತು ವರ್ಷ ದಾಟಿದೆ. ಅದು ಯಾರ ಕೈಯಲ್ಲಿ ಶುರುವಾಯಿತು, ಯಾರ ಕೈಗೆ ಬಂತು, ಏನು ಹೇಳಿತು, ಏನನ್ನು ಬಚ್ಚಿಟ್ಟಿತು ಅನ್ನುವುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಬರೆಯುತ್ತೇನೆ.

*

ಮೊದಲು ಹೆಸರಿನ ವಿಚಾರ. ಇಂಗ್ಲಿಷಿನವರು ಡಚ್ಚರ ಮಾತಿನಿಂದ ಎತ್ತಿಕೊಂಡು 'ಸ್ಟಿಲ್ ಲೈಫ್' ಅಂದರು. ಅಲುಗದೆ ಇರುವ ಬದುಕು ಅಂತ ಅರ್ಥ. ಫ್ರೆಂಚರು ಅದನ್ನೇ 'ಸತ್ತ ಪ್ರಕೃತಿ' ಅಂದರು. ನಾನು ಇಲ್ಲಿ ವಸ್ತುಚಿತ್ರ ಅನ್ನುತ್ತೇನೆ, ಹೇಳಲು ಸುಲಭ.

ಕ್ಯಾಮೆರಾ ಹುಟ್ಟುವುದಕ್ಕೆ ಇನ್ನೂರು ವರ್ಷ ಮೊದಲೇ ಹಾಲೆಂಡಿನಲ್ಲಿ ವಸ್ತುಚಿತ್ರದ ಸುಗ್ಗಿ ನಡೆದಿತ್ತು. 1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಶುರುವಾಯಿತು. ಹಡಗುಗಳು ಹೋದವು, ಸರಕು ಬಂತು. ಬಂದ ಸರಕು ವರ್ತಕರ ಮನೆಯ ಮೇಜಿಗೂ ಏರಿತು, ಆ ಮೇಜಿನ ಚಿತ್ರ ಅದೇ ಮನೆಯ ಗೋಡೆಗೂ ಏರಿತು. ವಿಲ್ಲೆಮ್ ಕಾಲ್ಫ್ ಎಂಬ ಚಿತ್ರಕಾರನ ಚಿತ್ರಗಳನ್ನು ನೋಡಿ. ಚೀನಾದ ಪಿಂಗಾಣಿ, ಪರ್ಷಿಯಾದ ಜಮಖಾನ, ಶಂಖಕ್ಕೆ ಬೆಳ್ಳಿ ಕಟ್ಟಿದ ಬಟ್ಟಲು, ಅರ್ಧ ಸುಲಿದ ನಿಂಬೆಹಣ್ಣು. ಬೆಳಕು ಬಿದ್ದು ಎಲ್ಲ ಹೊಳೆಯುತ್ತದೆ. ಆದರೆ ಹೊತ್ತವರು, ತುಂಬಿದವರು, ಹಡಗಿನಲ್ಲಿ ಸತ್ತವರು ಯಾರೂ ಆ ಮೇಜಿನ ಹತ್ತಿರಕ್ಕೂ ಬರುವುದಿಲ್ಲ. ಜಾಯಿಕಾಯಿ ಬೆಳೆಯುತ್ತಿದ್ದ ಬಂಡಾ ದ್ವೀಪಗಳ ಜನರನ್ನು ಇದೇ ಕಂಪನಿ 1621ರಲ್ಲಿ ಕೊಂದು, ಉಳಿದವರನ್ನು ಗುಲಾಮರಾಗಿ ಸಾಗಿಸಿತು. ಆ ಕತೆಯೂ ಮೇಜಿನ ಮೇಲೆ ಇಲ್ಲ.

ಆದರೂ ಈ ಚಿತ್ರಕಾರರಿಗೆ ಒಂದು ವಿದ್ಯೆ ಗೊತ್ತಿತ್ತು. ವಸ್ತು ಇಟ್ಟು ವಿಚಾರ ಹೇಳುವ ವಿದ್ಯೆ. ತಲೆಬುರುಡೆ, ಗಡಿಯಾರ, ಆಗತಾನೆ ಆರಿದ ಮೇಣದ ಬತ್ತಿ ಇಟ್ಟರೆ ಮುಗಿಯಿತು, ಸಾವು ಎಲ್ಲರಿಗೂ ಬರುತ್ತದೆ ಎಂಬ ಮಾತನ್ನು ಒಂದು ಅಕ್ಷರ ಬರೆಯದೆ ಹೇಳಿಬಿಡುತ್ತಿದ್ದರು. ಸಾವಿನಲ್ಲಿ ಸಮಾನತೆ ಕಂಡರು, ಬದುಕಿನಲ್ಲಿ ಕಾಣಲಿಲ್ಲ. ಆದರೆ ವಿದ್ಯೆ ಉಳಿಯಿತು. ಮುಂದೆ ಅದು ಬೇರೆಯವರ ಕೈಗೆ ಬಂತು.

*

ಕ್ಯಾಮೆರಾ ಬಂತು. ಪ್ಯಾರಿಸಿನ ಲೂಯಿ ಡಾಗೇರ್ 1839ರಲ್ಲಿ ತನ್ನ ವಿಧಾನವನ್ನು ಲೋಕಕ್ಕೆ ತೋರಿಸಿದ. ಅದಕ್ಕೆ ಎರಡು ವರ್ಷ ಮೊದಲು, 1837ರಲ್ಲಿ, ಕಿಟಕಿಯ ಹತ್ತಿರ ಸುಣ್ಣದ ಅಚ್ಚಿನ ಬೊಂಬೆಗಳು, ಬೆತ್ತ ಸುತ್ತಿದ ಒಂದು ಬಾಟಲಿ ಇಟ್ಟು ಅವನು ತೆಗೆದ ಚಿತ್ರ ಇವತ್ತಿಗೂ ಉಳಿದಿದೆ. ಕ್ಯಾಮೆರಾ ಕಣ್ಣು ಬಿಡುತ್ತಿದ್ದ ಹಾಗೇ ನೋಡಿದ್ದು ವಸ್ತುಗಳನ್ನು. ಯಾಕೆ ಅಂದರೆ ಆಗ ಒಂದು ಚಿತ್ರ ಮೂಡಬೇಕಾದರೆ ಎಷ್ಟೋ ನಿಮಿಷ ಬೇಕಾಗುತ್ತಿತ್ತು. ಅಷ್ಟು ಹೊತ್ತು ಅಲುಗದೆ ಇರುವುದು ಬೊಂಬೆಗೆ ಸಾಧ್ಯ, ಮನುಷ್ಯನಿಗೆ ಕಷ್ಟ.

1838ರಲ್ಲಿ ಡಾಗೇರ್ ಪ್ಯಾರಿಸಿನ ಒಂದು ಬೀದಿಯನ್ನು ಮೇಲಿನ ಕಿಟಕಿಯಿಂದ ತೆಗೆದ. ಗಾಡಿ, ಕುದುರೆ, ಜನ ಓಡಾಡುವ ದೊಡ್ಡ ಬೀದಿ. ಚಿತ್ರದಲ್ಲಿ ಬೀದಿ ಖಾಲಿ. ಓಡಾಡಿದವರು ಯಾರೂ ಮೂಡಲಿಲ್ಲ. ಒಂದು ಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ ಕಾಣುತ್ತಾನೆ, ಒಂದು ಕಾಲು ಎತ್ತಿಟ್ಟು ನಿಂತಿದ್ದಾನೆ. ಬೂಟು ಪಾಲಿಷ್ ಮಾಡಿಸಿಕೊಳ್ಳುತ್ತಿದ್ದಾನೆ. ಫೋಟೋದಲ್ಲಿ ಸಿಕ್ಕ ಮೊಟ್ಟಮೊದಲ ಮನುಷ್ಯರಲ್ಲಿ ಇವನೊಬ್ಬ ಅಂತ ಚರಿತ್ರೆಕಾರರು ಬರೆಯುತ್ತಾರೆ. ಹಾಗಾದರೆ ಪಾಲಿಷ್ ಮಾಡುತ್ತಿದ್ದವನು? ಅವನೂ ಅಲ್ಲೇ ಇದ್ದಾನೆ, ಮಸಕಾಗಿ. ಅವನ ಕೈ ಆಡುತ್ತಿತ್ತಲ್ಲ, ಅದಕ್ಕೆ.

ಗೆಳೆಯರೆ, ಇದು ಯಾರ ಪಿತೂರಿಯೂ ಅಲ್ಲ, ರಸಾಯನದ ಗುಣ. ಆದರೆ ಫಲ ಏನಾಯಿತು ನೋಡಿ. ಸುಮ್ಮನೆ ನಿಂತು ಸೇವೆ ಮಾಡಿಸಿಕೊಂಡವನು ಚರಿತ್ರೆಗೆ ಸಿಕ್ಕಿದ, ಕೈ ಆಡಿಸಿ ದುಡಿದವನು ಕರಗಿಹೋದ. ವಸ್ತುಚಿತ್ರದ ಮುಂದಿನ ಕತೆಯೆಲ್ಲ ಈ ಮಸಕಾದ ಕೈಯನ್ನು ಹುಡುಕಿಕೊಂಡು ಹೋಗುವ ಕತೆ ಅಂತ ನಾನು ತಿಳಿದಿದ್ದೇನೆ.

*

ಅದೇ ಕಾಲಕ್ಕೆ ಇಂಗ್ಲೆಂಡಿನ ಲೇಕಾಕ್ ಎಂಬ ಹಳ್ಳಿಯ ಬಂಗಲೆಯಲ್ಲಿ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಎಂಬ ಜಮೀನ್ದಾರ ವಿಜ್ಞಾನಿ ಕಾಗದದ ಮೇಲೆ ಫೋಟೋ ಮೂಡಿಸುವ ಇನ್ನೊಂದು ವಿಧಾನ ಕಂಡುಹಿಡಿದ. 1844ರಿಂದ 1846ರವರೆಗೆ ಅವನು ಕಂತುಗಳಲ್ಲಿ 'ದಿ ಪೆನ್ಸಿಲ್ ಆಫ್ ನೇಚರ್' ಎಂಬ ಪುಸ್ತಕ ಹೊರತಂದ. 24 ಫೋಟೋ, ಪ್ರತಿಯೊಂದಕ್ಕೂ ಒಂದಿಷ್ಟು ವಿವರಣೆ. ಅಂಗಡಿಯಲ್ಲಿ ಮಾರಾಟಕ್ಕೆ ಬಂದ ಮೊದಲ ಫೋಟೋ ಪುಸ್ತಕ ಅದು ಅನ್ನುತ್ತಾರೆ.

ಅದರ ಮೂರನೇ ಚಿತ್ರದಲ್ಲಿ ಕಪಾಟಿನ ಸಾಲು ಸಾಲಿನ ಮೇಲೆ ಪಿಂಗಾಣಿ ಬಟ್ಟಲು, ತಟ್ಟೆ, ಬೊಂಬೆ. ಟಾಲ್ಬಟ್ ಅದಕ್ಕೆ ಬರೆದ ವಿವರಣೆಯ ತಾತ್ಪರ್ಯ ಹೀಗಿದೆ: ಇಷ್ಟು ಸಾಮಾನನ್ನು ಕೈಯಲ್ಲಿ ಪಟ್ಟಿ ಮಾಡುವಷ್ಟು ಹೊತ್ತಿನಲ್ಲೇ ಎಲ್ಲದರ ಚಿತ್ರ ತೆಗೆದುಬಿಡಬಹುದು. ನಾಳೆ ಕಳ್ಳ ಕದ್ದರೆ ಈ ಮೂಕ ಚಿತ್ರವನ್ನೇ ಕೋರ್ಟಿನಲ್ಲಿ ಸಾಕ್ಷಿಯಾಗಿ ಹಾಜರು ಮಾಡಬಹುದು, ಜಡ್ಜು ಏನನ್ನುತ್ತಾನೋ ನೋಡೋಣ.

ಈ ಮಾತನ್ನು ಎರಡು ಸಲ ಓದಬೇಕು. ಫೋಟೋ ಎನ್ನುವುದು ಇನ್ನೂ ತೊಟ್ಟಿಲಲ್ಲಿದೆ. ಆಗಲೇ ಅದಕ್ಕೆ ಎರಡು ಕೆಲಸ ಗೊತ್ತುಮಾಡಿ ಆಗಿದೆ, ಆಸ್ತಿಯ ಲೆಕ್ಕ ಇಡುವುದು, ಕಳ್ಳನನ್ನು ಹಿಡಿಸುವುದು. ವಸ್ತು ಸಾಕ್ಷಿ ಹೇಳಬಲ್ಲದು ಎಂಬ ದೊಡ್ಡ ಮಾತನ್ನು ಟಾಲ್ಬಟ್ ಕಂಡುಕೊಂಡ. ಆದರೆ ಅವನ ಮನಸ್ಸಿನಲ್ಲಿ ಸಾಕ್ಷಿ ಯಾವತ್ತೂ ಮಾಲೀಕನ ಕಡೆಯದು. ಆ ಬಟ್ಟಲುಗಳನ್ನು ದಿನಾ ಒರೆಸಿ ಇಟ್ಟ ಆಳಿನ ಕಡೆಯಿಂದಲೂ ಅವು ಸಾಕ್ಷಿ ಹೇಳಬಹುದು ಎಂದು ಅವನಿಗೆ ತೋಚಲಿಲ್ಲ.

ನನ್ನ ಕಣ್ಣಿಗೆ ಬಿದ್ದ ಪೊರಕೆ ಇದೇ ಪುಸ್ತಕದ ಆರನೇ ಚಿತ್ರದ್ದು. ಹೆಸರು 'ತೆರೆದ ಬಾಗಿಲು'. ಕಲ್ಲಿನ ಕಟ್ಟಡ, ಒಳಗೆ ಕತ್ತಲು, ಪಕ್ಕದಲ್ಲಿ ನೇತುಹಾಕಿದ ಲಾಂದ್ರ, ಕುದುರೆಯ ಕಡಿವಾಣ, ಬಾಗಿಲಿಗೆ ಓರೆಯಾಗಿ ಪೊರಕೆ. ದಿನನಿತ್ಯದ ಸಾಮಾನ್ಯ ನೋಟವನ್ನು ಚಿತ್ರ ಮಾಡಲು ಡಚ್ ಚಿತ್ರಕಾರರೇ ನಮಗೆ ಆಧಾರ ಅಂತ ಟಾಲ್ಬಟ್ ಅಲ್ಲಿ ಹೇಳಿಕೊಳ್ಳುತ್ತಾನೆ. ಚಿತ್ರ ಬಹಳ ಚೆನ್ನಾಗಿದೆ, ಸುಳ್ಳು ಹೇಳುವುದಿಲ್ಲ. ಪೊರಕೆಯ ನೆರಳು ಬಾಗಿಲ ಮೇಲೆ ಬಿದ್ದಿರುವುದನ್ನು ನೋಡಿದರೆ ಯಾರೋ ಈಗ ತಾನೆ ಗುಡಿಸಿ, ಇಟ್ಟು, ನೀರು ಕುಡಿಯಲು ಹೋದ ಹಾಗಿದೆ. ನೂರ ಎಂಬತ್ತು ವರ್ಷವಾಯಿತು, ಹೋದವರು ವಾಪಸು ಬಂದಿಲ್ಲ.

*

ಇನ್ನು 1920ರ ದಶಕಕ್ಕೆ, ಮೆಕ್ಸಿಕೋ ದೇಶಕ್ಕೆ ಬನ್ನಿ. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1923ರಲ್ಲಿ ಅಲ್ಲಿಗೆ ಹೋದ. ಜೊತೆಯಲ್ಲಿ ಟೀನಾ ಮೊಡೊಟ್ಟಿ ಎಂಬ ಹೆಣ್ಣುಮಗಳು. ಇಬ್ಬರೂ ಸಂಗಾತಿಗಳು. ಒಂದೇ ಊರು, ಒಂದೇ ಕಾಲ, ಅದೇ ಕಸುಬು. ಆದರೆ ಇಬ್ಬರು ವಸ್ತುಗಳನ್ನು ನೋಡಿದ ರೀತಿಯೇ ಬೇರೆ.

1925ರಲ್ಲಿ ವೆಸ್ಟನ್ ತಾನಿದ್ದ ಮನೆಯ ಪಾಯಿಖಾನೆಯ ಪಿಂಗಾಣಿ ಕಮೋಡನ್ನು ನೆಲಮಟ್ಟದಿಂದ ಫೋಟೋ ತೆಗೆದ. ಅದಕ್ಕಾಗಿ ದಿನಗಟ್ಟಲೆ ಒದ್ದಾಡಿದ. ಅದರ ಬಾಗು ಬಳುಕು ಗ್ರೀಕರ ಶಿಲ್ಪದ ಹಾಗಿದೆ ಅಂತ ಡೈರಿಯಲ್ಲಿ ಕೊಂಡಾಡಿದ. ಆಮೇಲೆ 1930ರಲ್ಲಿ, ಅಮೆರಿಕಕ್ಕೆ ವಾಪಸು ಹೋದ ಮೇಲೆ, ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ತೆಗೆದ ಫೋಟೋ ಜಗತ್ಪ್ರಸಿದ್ಧವಾಯಿತು. ಅದು ಮನುಷ್ಯನ ಮೈಯ ಹಾಗೆ ಕಾಣುತ್ತದೆ, ಬೆನ್ನು, ತೋಳು, ಸ್ನಾಯು. ನಾನು ಈ ಫೋಟೋಗಳನ್ನು ಹಳಿಯುವುದಿಲ್ಲ. ಹೊಲಸು ಅಂತ ದೂರ ಇಟ್ಟಿದ್ದರಲ್ಲೂ ರೂಪ ಇದೆ ಎಂದು ತೋರಿಸುವುದು ಸಣ್ಣ ಕೆಲಸವಲ್ಲ. ಆದರೆ ಕಮೋಡನ್ನು ನೋಡಿ ಗ್ರೀಕ್ ದೇವತೆಯನ್ನು ನೆನೆಯುವುದು ಅದನ್ನು ತೊಳೆಯದವರಿಗೆ ಸುಲಭ. ತೊಳೆಯುವವರಿಗೆ ನೆನಪಾಗುವುದು ಬೇರೆ.

ಮೊಡೊಟ್ಟಿ ಹುಟ್ಟಿದ್ದು 1896ರಲ್ಲಿ, ಇಟಲಿಯ ಉದಿನೆ ಎಂಬ ಊರಿನಲ್ಲಿ. ಬಡವರ ಮನೆ. ಇನ್ನೂ ಹುಡುಗಿಯಾಗಿದ್ದಾಗಲೇ ರೇಷ್ಮೆ ಕಾರ್ಖಾನೆಗೆ ದುಡಿಯಲು ಹೋದಳು. ರಾಮನಗರ, ಶಿಡ್ಲಘಟ್ಟದ ಕಡೆಯ ಓದುಗರಿಗೆ ರೇಷ್ಮೆ ಬಿಚ್ಚುವ ಬಿಸಿನೀರು ಎಳೆಯ ಬೆರಳನ್ನು ಏನು ಮಾಡುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. 1913ರಲ್ಲಿ ಅಪ್ಪ ದುಡಿಯುತ್ತಿದ್ದ ಅಮೆರಿಕಕ್ಕೆ ವಲಸೆ ಹೋದಳು. ಹೊಲಿಗೆ, ನಾಟಕ, ಸಿನಿಮಾ ಎಲ್ಲ ಮಾಡಿ, ವೆಸ್ಟನ್ ಹತ್ತಿರ ಕ್ಯಾಮೆರಾ ಕಲಿತಳು.

1927ರಲ್ಲಿ ಅವಳು ಮೆಕ್ಸಿಕೋದ ಕಮ್ಯುನಿಸ್ಟ್ ಪಕ್ಷ ಸೇರಿದಳು. ಅದೇ ವರ್ಷ ತೆಗೆದ ಒಂದು ವಸ್ತುಚಿತ್ರದಲ್ಲಿ ಮೂರೇ ಸಾಮಾನು. ಒಂದು ಮುಸುಕಿನ ಜೋಳದ ತೆನೆ, ಒಂದು ಕುಡುಗೋಲು, ಒಂದು ತೋಟಾ ತುಂಬಿದ ಪಟ್ಟಿ. ಇನ್ನೊಂದರಲ್ಲಿ ಕುಡುಗೋಲಿನ ಜಾಗದಲ್ಲಿ ಗಿಟಾರು. ಮತ್ತೊಂದರಲ್ಲಿ ರೈತನ ಅಗಲವಾದ ಹುಲ್ಲಿನ ಟೋಪಿ, ಅದರ ಮೇಲೆ ಸುತ್ತಿಗೆ ಮತ್ತು ಕುಡುಗೋಲು. 1910ರಿಂದ ಹತ್ತು ವರ್ಷ ಮೆಕ್ಸಿಕೋದ ರೈತರು ಭೂಮಿಗಾಗಿ ಬಂದೂಕು ಹಿಡಿದಿದ್ದರು. ಆ ದೇಶದ ಅನ್ನ ಜೋಳ. ಅನ್ನ, ದುಡಿಮೆ, ಹಾಡು, ಹೋರಾಟ. ಇಷ್ಟನ್ನು ನಾಲ್ಕು ಸಾಮಾನಿನಲ್ಲಿ ಹೇಳಿ ಮುಗಿಸಿದಳು. ಇವು ಮಾಲೀಕನ ಕಪಾಟಿನ ಪಟ್ಟಿಯಲ್ಲ. ಈ ಚಿತ್ರದಲ್ಲಿರುವ ಒಂದೊಂದು ಸಾಮಾನೂ ಕೈ ತಾಗಿ ಸವೆದದ್ದು. ಕೈ ಕಾಣದಿದ್ದರೂ ಹಿಡಿ ಕಾಣುತ್ತದೆ.

1928ರಲ್ಲಿ ಮೊಡೊಟ್ಟಿ ಒಂದು ಟೈಪ್‌ರೈಟರನ್ನು ಹತ್ತಿರದಿಂದ ಫೋಟೋ ತೆಗೆದಳು. ಕ್ಯೂಬಾದಿಂದ ದೇಶಭ್ರಷ್ಟನಾಗಿ ಬಂದಿದ್ದ ಕ್ರಾಂತಿಕಾರಿ ಹೂಲಿಯೋ ಆಂತೋನಿಯೋ ಮೆಲ್ಲಾನ ಟೈಪ್‌ರೈಟರ್ ಅದು. ಕೀಲಿಗಳು, ರಿಬ್ಬನ್ನು, ಅರ್ಧ ಹೊಡೆದ ಕಾಗದ. ಮನುಷ್ಯನಿಲ್ಲ. 1929ರ ಜನವರಿಯಲ್ಲಿ ಮೆಕ್ಸಿಕೋ ನಗರದ ಬೀದಿಯಲ್ಲಿ ಅವಳ ಪಕ್ಕದಲ್ಲೇ ನಡೆದು ಬರುತ್ತಿದ್ದ ಮೆಲ್ಲಾನನ್ನು ಗುಂಡಿಟ್ಟು ಕೊಂದರು. ಅವತ್ತಿನಿಂದ ಆ ಫೋಟೋದ ಅರ್ಥವೇ ಬದಲಾಯಿತು. ಬದುಕಿದ್ದವನ ಕೆಲಸದ ಸಾಮಾನು ಸತ್ತವನ ಗುರುತಾಯಿತು. ಮರುವರ್ಷ, 1930ರಲ್ಲಿ, ಅಧ್ಯಕ್ಷನ ಕೊಲೆಯತ್ನದ ಆರೋಪ ಹೊರಿಸಿ ಅವಳನ್ನೇ ಮೆಕ್ಸಿಕೋದಿಂದ ಗಡೀಪಾರು ಮಾಡಿದರು. ಆಮೇಲೆ ಅವಳು ಕ್ಯಾಮೆರಾ ಹಿಡಿದದ್ದು ಕಡಿಮೆ.

*

1936. ಅಮೆರಿಕದ ಅಲಬಾಮಾ ರಾಜ್ಯದ ಹೇಲ್ ಕೌಂಟಿ. 'ಫಾರ್ಚೂನ್' ಎಂಬ ಶ್ರೀಮಂತರ ಪತ್ರಿಕೆ ಬರಹಗಾರ ಜೇಮ್ಸ್ ಏಜಿಯನ್ನೂ ಫೋಟೋಗ್ರಾಫರ್ ವಾಕರ್ ಎವನ್ಸನನ್ನೂ ಹತ್ತಿ ಬೆಳೆಯುವ ಬಡ ಪಾಲುಗಾರರ ಬಗ್ಗೆ ವರದಿ ಮಾಡಲು ಕಳಿಸಿತು. ಬೆಳೆದದ್ದರಲ್ಲಿ ಅರ್ಧ ಧಣಿಗೆ, ಉಳಿದ ಅರ್ಧದಲ್ಲಿ ಸಾಲ ಮುರಿದುಕೊಂಡು ಉಳಿದರೆ ಪಾಲುಗಾರನಿಗೆ. ವರದಿಯನ್ನು ಪತ್ರಿಕೆ ಪ್ರಕಟಿಸಲಿಲ್ಲ. 1941ರಲ್ಲಿ ಅದು ಪುಸ್ತಕವಾಗಿ ಬಂತು.

ಎವನ್ಸ್ ಜನರನ್ನೂ ತೆಗೆದ, ಅವರ ಸಾಮಾನನ್ನೂ ತೆಗೆದ. ಬರಿ ಮಣ್ಣಿನ ಮೇಲೆ ಒಂದು ಜೊತೆ ಸವೆದ ಬೂಟು. ಹಲಗೆ ಗೋಡೆಗೆ ಹೊಡೆದ ಪಟ್ಟಿಯಲ್ಲಿ ಸಿಕ್ಕಿಸಿದ ಚಮಚ, ಮುಳ್ಳುಚಮಚ. ಅಡುಗೆಮನೆಯ ಮೂಲೆಯಲ್ಲಿ ಒಂದು ಕುರ್ಚಿ, ಒಂದು ಪೊರಕೆ. ಮತ್ತೆ ಪೊರಕೆ! ಆದರೆ ಇದು ಬಂಗಲೆಯ ಪೊರಕೆಯಲ್ಲ. ಗುಡಿಸಿದವರೂ ಮನೆಯವರೂ ಒಬ್ಬರೇ. ನೆಲದ ಹಲಗೆ ತೊಳೆದೂ ತೊಳೆದೂ ಬೆಳ್ಳಗಾಗಿದೆ. ಬಡವರು ಕೊಳಕರು ಅನ್ನುವವರ ಬಾಯಿಗೆ ಆ ಒಂದು ಮೂಲೆ ಸಾಕು.

ಅದೇ 1936ರಲ್ಲಿ ನಮ್ಮ ದೇಶದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು 'ಜಾತಿ ವಿನಾಶ'ವನ್ನು ಅಚ್ಚು ಹಾಕಿಸಿದರು. ಲಾಹೋರಿನಲ್ಲಿ ಮಾಡಬೇಕಾಗಿದ್ದ ಭಾಷಣ, ಕರೆದವರೇ ಬೇಡವೆಂದ ಮೇಲೆ ಪುಸ್ತಕವಾಯಿತು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯನು ಸೊಂಟಕ್ಕೆ ಪೊರಕೆ ಕಟ್ಟಿಕೊಂಡು ತನ್ನ ಹೆಜ್ಜೆಯ ಧೂಳನ್ನು ತಾನೇ ಗುಡಿಸುತ್ತಾ ನಡೆಯಬೇಕಿತ್ತು ಎಂದು ಅವರು ಅದರಲ್ಲಿ ದಾಖಲಿಸಿದರು. ಆ ಪೊರಕೆಗೆ ಫೋಟೋ ಇಲ್ಲ. ಅವರ ಅಕ್ಷರವೇ ಅದರ ಚಿತ್ರ. ಒಂದು ವಸ್ತುವಿನಲ್ಲಿ ಒಂದು ಇಡೀ ವ್ಯವಸ್ಥೆಯನ್ನು ತೋರಿಸುವುದು ಅಂದರೆ ಇದು.

ಎವನ್ಸನ ಫೋಟೋಗಳ ಬಗ್ಗೆ ಎರಡು ತಕರಾರು ಹೇಳಲೇಬೇಕು. ಪತ್ರಿಕೆ ಕೇಳಿದ್ದು ಬಿಳಿಯ ಪಾಲುಗಾರರ ಕತೆಯನ್ನು. ಅದೇ ಹತ್ತಿಯ ನಾಡಿನಲ್ಲಿ ಗುಲಾಮರ ಮಕ್ಕಳು ಮೊಮ್ಮಕ್ಕಳಾದ ಕರಿಯರೂ ಪಾಲಿಗೆ ದುಡಿಯುತ್ತಿದ್ದರು, ಅವರ ಅಡುಗೆಮನೆಯ ಮೂಲೆ ಈ ಕತೆಯ ಹೊರಗೇ ಉಳಿಯಿತು. ಎರಡನೆಯದು, ಆ ಮನೆಯವರ ಮಾತು. ಎಷ್ಟೋ ವರ್ಷದ ಮೇಲೆ ಪತ್ರಕರ್ತರು ಹುಡುಕಿಕೊಂಡು ಹೋದಾಗ ಆ ಕುಟುಂಬಗಳ ಕೆಲವರು ಸಿಟ್ಟು, ನಾಚಿಕೆ ತೋಡಿಕೊಂಡರು. ನಮ್ಮ ಬಡತನ ಮ್ಯೂಸಿಯಮ್ಮಿನ ಗೋಡೆ ಏರಿತು, ನಮಗೇನು ಬಂತು ಅನ್ನುವುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆ.

ಅದೇ ವರ್ಷ ಇನ್ನೊಂದು ಗಲಾಟೆ ಆಯಿತು. ಸರ್ಕಾರದ ಕೆಲಸದಲ್ಲಿದ್ದ ಆರ್ಥರ್ ರಾತ್‌ಸ್ಟೀನ್ ಎಂಬ ಯುವಕ ಬರಗಾಲ ಬಿದ್ದ ಸೌತ್ ಡಕೋಟಾದಲ್ಲಿ ಒಂದು ದನದ ತಲೆಬುರುಡೆ ಕಂಡ. ಅದನ್ನು ಕೆಲವು ಅಡಿ ಸರಿಸಿ, ಬಿರುಕುಬಿಟ್ಟ ನೆಲದ ಮೇಲಿಟ್ಟು ಫೋಟೋ ತೆಗೆದ. ಚುನಾವಣೆಯ ವರ್ಷ. ರೂಸ್‌ವೆಲ್ಟರ ವಿರೋಧಿಗಳು ಇದು ಮೋಸ ಅಂತ ಬೊಬ್ಬೆ ಹೊಡೆದರು. ಬರ ನಿಜ, ಬುರುಡೆ ನಿಜ, ಜಾಗ ಮಾತ್ರ ಸರಿಸಿದ್ದು. ಇಲ್ಲಿ ನಾವು ಕಲಿಯಬೇಕಾದ್ದು ಇದೆ. ಜೋಡಿಸಿ ಇಡುವುದು ವಸ್ತುಚಿತ್ರದ ಭಾಷೆ. ಮೊಡೊಟ್ಟಿ ಜೋಳದ ಪಕ್ಕ ಕುಡುಗೋಲನ್ನು ತಾನೇ ಇಟ್ಟಳು, ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಜೋಡಿಸಿದ್ದನ್ನು ಸುದ್ದಿಯ ಹಾಗೆ ದಾಟಿಸಿದಾಗ ಮಾತ್ರ ಎದುರಾಳಿಯ ಕೈಗೆ ಕೋಲು ಕೊಟ್ಟ ಹಾಗೆ. ಸತ್ಯ ನಮ್ಮ ಕಡೆ ಇದ್ದಾಗ ಇನ್ನೂ ಹೆಚ್ಚು ಎಚ್ಚರ ಬೇಕು.

*

1945ರ ಆಗಸ್ಟ್ 9, ಬೆಳಗ್ಗೆ 11 ಗಂಟೆ 2 ನಿಮಿಷ. ನಾಗಸಾಕಿಯ ಮೇಲೆ ಅಣುಬಾಂಬು ಬಿತ್ತು. 1961ರಲ್ಲಿ ಶೋಮೆಯ್ ತೊಮಾತ್ಸು ಎಂಬ ಜಪಾನಿನ ಫೋಟೋಗ್ರಾಫರ್, ಬಾಂಬು ವಿರೋಧಿ ಸಂಘಟನೆಯ ಪುಸ್ತಕಕ್ಕಾಗಿ ಅಲ್ಲಿ ಫೋಟೋ ತೆಗೆದ. ಅದರಲ್ಲೊಂದು, ಮಣ್ಣಿನಡಿಯಿಂದ ಸಿಕ್ಕಿದ ಕೈಗಡಿಯಾರ. ಮುಳ್ಳು 11:02ಕ್ಕೆ ನಿಂತುಹೋಗಿದೆ. ಡಚ್ಚರ ಚಿತ್ರದ ಗಡಿಯಾರ ಎಲ್ಲರಿಗೂ ಸಾವು ಬರುತ್ತದೆ ಅಂತ ಹೇಳುತ್ತಿತ್ತು. ಇದು ಹಾಗೆ ಸಾರಾಸಗಟು ಮಾತಾಡುವುದಿಲ್ಲ. ಈ ಊರಿಗೆ, ಈ ನಿಮಿಷಕ್ಕೆ ಸಾವು ಬಂತು, ಅದು ತಾನಾಗಿ ಬರಲಿಲ್ಲ, ತಂದು ಹಾಕಿದರು ಅನ್ನುತ್ತದೆ. ಅವನ ಇನ್ನೊಂದು ಫೋಟೋದಲ್ಲಿ ಶಾಖಕ್ಕೆ ಕರಗಿ ಸೊಟ್ಟಗಾದ ಒಂದು ಬಾಟಲಿ. ಮೊದಲ ನೋಟಕ್ಕೆ ಚರ್ಮ ಸುಲಿದ ಪ್ರಾಣಿಯ ಹಾಗಿದೆ. ಮನುಷ್ಯರ ಮೈಗೆ ಏನಾಯಿತು ಎಂಬುದನ್ನು ನೇರ ನೋಡಲಾರದವನಿಗೂ ಆ ಬಾಟಲಿ ತಿಳಿಸಿಬಿಡುತ್ತದೆ.

ನಾಗಸಾಕಿಗೆ ಮೂರು ದಿನ ಮೊದಲು ಸುಟ್ಟುಹೋದ ಊರು ಹಿರೋಶಿಮಾ. 2007ರಲ್ಲಿ ಇಶಿಯುಚಿ ಮಿಯಾಕೊ ಎಂಬ ಫೋಟೋಗ್ರಾಫರ್ ಅಲ್ಲಿಯ ಶಾಂತಿ ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದ ಬಟ್ಟೆಗಳ ಫೋಟೋ ತೆಗೆಯಲು ಶುರು ಮಾಡಿದಳು. ಹುಟ್ಟಿದ್ದು 1947ರಲ್ಲಿ, ಯುದ್ಧ ಮುಗಿದ ಮೇಲೆ. ಅಷ್ಟು ವರ್ಷ ಹಿರೋಶಿಮಾ ಅಂದರೆ ನಮಗೆ ಕಪ್ಪು ಬಿಳುಪು, ಬೂದಿ, ಹೊಗೆ. ಇವಳು ಬಣ್ಣದಲ್ಲಿ ತೆಗೆದಳು. ಹೂವಿನ ಲಂಗ, ಗುಂಡಿಯ ರವಿಕೆ, ಕೈಹೊಲಿಗೆಯ ಫ್ರಾಕು. ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿದ ಬಟ್ಟೆಯ ಸುಟ್ಟ ತೂತಿನೊಳಗಿಂದ ಬೆಳಕು ಬರುತ್ತದೆ. ನೋಡಿದ ಕೂಡಲೇ ಮನಸ್ಸಿಗೆ ಬರುವುದು, ಈ ಹುಡುಗಿ ಶೋಕಿ ಮಾಡುತ್ತಿದ್ದಳು, ಕನ್ನಡಿ ನೋಡಿಕೊಳ್ಳುತ್ತಿದ್ದಳು ಅನ್ನುವುದು. ಲಕ್ಷ ಸತ್ತರು ಅಂದಾಗ ಬಾರದ ಅಳು ಆಗ ಬರುತ್ತದೆ.

ಇಶಿಯುಚಿ ಮಾಡಿದ ಇನ್ನೊಂದು ಕೆಲಸ ನನಗೆ ಬಹಳ ದೊಡ್ಡದಾಗಿ ಕಂಡಿತು. ಮನೆಯವರು ಇಷ್ಟು ವರ್ಷ ಇಟ್ಟುಕೊಂಡಿದ್ದು ಈಗ ಮ್ಯೂಸಿಯಮ್ಮಿಗೆ ಒಪ್ಪಿಸಿದ ಬಟ್ಟೆಗಳಿವು. ಒಪ್ಪಿಸಿದವರ ಹೆಸರನ್ನು ಅವಳು ಫೋಟೋದ ಶೀರ್ಷಿಕೆಯಲ್ಲೇ ಬರೆಯುತ್ತಾಳೆ. ಟಾಲ್ಬಟ್ಟನ ಪುಸ್ತಕದಲ್ಲಿ ಹೆಸರಿದ್ದದ್ದು ಪುಸ್ತಕ ಮಾಡಿದವನಿಗೆ ಮಾತ್ರ. ಇಲ್ಲಿ ಬಟ್ಟೆಯನ್ನು ಎದೆಗೆ ಅವಚಿಕೊಂಡು ಕಾಪಾಡಿದವರಿಗೂ ಹೆಸರು ಬಂತು.

*

ಕೊನೆಗೆ ಒಬ್ಬ ಗುಡಿಸುವವನ ಕತೆಗೆ ಬಂದೆ.

ಟಾಮ್ ಕೀಫರ್ ಎಂಬ ಅಮೆರಿಕದವನು 2001ರಲ್ಲಿ ಲಾಸ್ ಏಂಜಲಿಸ್ ಬಿಟ್ಟು ಅರಿಜೋನಾ ರಾಜ್ಯದ ಆಹೋ ಎಂಬ ಸಣ್ಣ ಊರಿಗೆ ಬಂದ. ಮೆಕ್ಸಿಕೋ ಗಡಿಯ ಹತ್ತಿರದ ಮರಳುಗಾಡು. ಮೊದಲು ಡಿಸೈನ್ ಕೆಲಸದಲ್ಲಿದ್ದವನು, ಫೋಟೋ ತೆಗೆಯುವ ಆಸೆ. ಹೊಟ್ಟೆಪಾಡಿಗೆ 2003ರಲ್ಲಿ ಗಡಿ ಪೊಲೀಸರ ಠಾಣೆಯಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ. ಗಡಿ ದಾಟಿ ಬಂದು ಸಿಕ್ಕಿಬಿದ್ದವರ ಕೈಯಲ್ಲಿದ್ದ ಸಾಮಾನನ್ನು ಅಲ್ಲಿ ಕಿತ್ತು ಕಸಕ್ಕೆ ಹಾಕುತ್ತಿದ್ದರು. ಅನ್ನ ಹಾಳಾಗುತ್ತಿದೆಯಲ್ಲ ಅಂತ ಅವನು 2007ರಲ್ಲಿ ಅನುಮತಿ ಕೇಳಿ, ಎಸೆದ ಆಹಾರವನ್ನು ಊರಿನ ಬಡವರಿಗೆ ಹಂಚುವ ಕೇಂದ್ರಕ್ಕೆ ಮುಟ್ಟಿಸತೊಡಗಿದ. ಅನ್ನ ಹೆಕ್ಕಲು ಕಸದ ಬುಟ್ಟಿಗೆ ಕೈ ಹಾಕಿದವನಿಗೆ ಬೇರೆ ಏನೇನೋ ಸಿಕ್ಕಿತು. ಜಪಮಾಲೆ, ಬೈಬಲ್ಲು, ಬಾಚಣಿಗೆ, ಹಲ್ಲುಜ್ಜುವ ಬ್ರಷ್ಷು, ಸೋಪು, ಕೈಗವಸು, ಪರ್ಸು, ಮಕ್ಕಳ ಆಟದ ಸಾಮಾನು.

ಅವನು ಅವನ್ನೆಲ್ಲ ಮನೆಗೆ ತಂದು ಇಟ್ಟುಕೊಂಡ. 2014ರಲ್ಲಿ ಕೆಲಸ ಬಿಟ್ಟು, ಫೋಟೋಗಳನ್ನು ಲೋಕದ ಮುಂದಿಟ್ಟ. ಹೆಸರು 'ಎಲ್ ಸ್ವೆನ್ಯೊ ಅಮೆರಿಕಾನೊ', ಸ್ಪ್ಯಾನಿಷಿನಲ್ಲಿ ಅಮೆರಿಕದ ಕನಸು ಅಂತ. ಬಣ್ಣದ ಹಿನ್ನೆಲೆಯ ಮೇಲೆ ಸಾಲು ಸಾಲು ಬಾಚಣಿಗೆ. ಸಾಲು ಸಾಲು ಸೋಪು, ಕೆಲವು ಹೊಸವು, ಕೆಲವು ಸವೆದು ಬೆರಳಗಲ ಆದವು. ಅಂಗಡಿಯ ಜಾಹೀರಾತಿನ ಹಾಗೆ ಚೊಕ್ಕಟವಾಗಿದೆ, ಅದಕ್ಕೇ ಅದು ಚುಚ್ಚುತ್ತದೆ. ಮರಳುಗಾಡಿನಲ್ಲಿ ಜೀವ ಒತ್ತೆಯಿಟ್ಟು ನಡೆಯುವವನು ಕೂಡ ಆ ಕಡೆ ಮುಟ್ಟಿದ ಮೇಲೆ ಮುಖ ತೊಳೆದು, ತಲೆ ಬಾಚಿ, ಮನುಷ್ಯನ ಹಾಗೆ ನಿಲ್ಲಬೇಕು ಅಂತ ಸೋಪು, ಬಾಚಣಿಗೆ ಹೊತ್ತು ತಂದಿದ್ದ. ಸರ್ಕಾರ ಅದಕ್ಕೆ ಬೇಡವಾದ ಸಾಮಾನು ಅಂತ ಹೆಸರಿಟ್ಟಿತು.

ಇಲ್ಲಿ ಟಾಲ್ಬಟ್ ಹೇಳಿದ ಮಾತು ತಲೆಕೆಳಗಾಯಿತು ನೋಡಿ. ಮಾಲು ಕಳೆದುಕೊಂಡವನು ಬಡವ, ಕಿತ್ತುಕೊಂಡದ್ದು ಸರ್ಕಾರ. ಮೂಕ ಚಿತ್ರ ಈಗಲೂ ಸಾಕ್ಷಿ ಹೇಳುತ್ತಿದೆ, ಆದರೆ ಪಕ್ಷ ಬದಲಾಯಿಸಿದೆ. ಆ ಸಾಕ್ಷಿಯನ್ನು ಉಳಿಸಿದವನು ಪೊರಕೆ ಹಿಡಿದವನು. ಬೇರೆ ಯಾರಿಗೂ ಅದು ಸಾಧ್ಯವಿರಲಿಲ್ಲ. ಒಂದು ವ್ಯವಸ್ಥೆ ಏನನ್ನು ಎಸೆಯುತ್ತದೆ ಅನ್ನುವುದು ಅದರ ಕಸ ಎತ್ತುವವರಿಗೆ ಗೊತ್ತಿರುವಷ್ಟು ಅದರ ಮಂತ್ರಿಗೂ ಗೊತ್ತಿರುವುದಿಲ್ಲ.

ಕೀಫರನನ್ನು ಪೂರ್ತಿ ನಮ್ಮವನು ಅಂತ ನಾನು ಹೇಳಲಾರೆ. ಅವನು ಆ ದೇಶದ ಪ್ರಜೆ, ಬೇಡವಾದಾಗ ಕೆಲಸ ಬಿಟ್ಟು ಹೊರಗೆ ಬಂದ. ಬಾಚಣಿಗೆಯ ಒಡೆಯರಿಗೆ ಆ ಬಾಗಿಲು ಇರಲಿಲ್ಲ. ಅವರ ಹೆಸರೂ ಫೋಟೋದಲ್ಲಿ ಇಲ್ಲ. ಪೊರಕೆ ಹಿಡಿದವನು ಕ್ಯಾಮೆರಾ ಹಿಡಿದ ಮೇಲೂ ಇನ್ನೊಬ್ಬರು ಮಸಕಾಗಿಯೇ ಉಳಿದರು.

*

ಇಷ್ಟೆಲ್ಲ ಓದಿದ ಹುಮ್ಮಸ್ಸಿನಲ್ಲಿ ಹೋದ ವರ್ಷ ಊರಿಗೆ ಹೋದಾಗ ನಾನೂ ಒಂದು ವಸ್ತುಚಿತ್ರ ತೆಗೆಯಲು ಕೂತೆ. ಅವ್ವನ ಪೊರಕೆಯನ್ನು ಮಣ್ಣಿನ ಗೋಡೆಗೆ ಒರಗಿಸಿ, ಬೆಳಕು ನೋಡಿ, ಮೊಬೈಲಿನಲ್ಲಿ ಹತ್ತಾರು ಸಲ ತೆಗೆದೆ. ಟಾಲ್ಬಟ್, ಎವನ್ಸ್ ಎಲ್ಲ ತಲೆಯಲ್ಲಿದ್ದರು. ಅವ್ವ ಹೊಸಿಲ ಮೇಲೆ ಅವರೆಕಾಯಿ ಸುಲಿಯುತ್ತಾ ನೋಡುತ್ತಲೇ ಇದ್ದಳು. ಕೊನೆಗೆ ಕೇಳಿದಳು:

"ಪೊರ್ಕೆ ಫೋಟ ಯಾತಕ್ಲಾ ಮಗ? ನಾನಿಲ್ವಾ ಇಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಮನುಷ್ಯರು ಇಲ್ಲವಾದಾಗ ವಸ್ತು ಅವರ ಪರ ಸಾಕ್ಷಿ ಹೇಳುತ್ತದೆ, ನಾಗಸಾಕಿಯ ಗಡಿಯಾರ, ಹಿರೋಶಿಮಾದ ಫ್ರಾಕು ಹೇಳಿದ ಹಾಗೆ. ಮನುಷ್ಯರು ಎದುರಿಗೇ ಕೂತಿರುವಾಗ ಅವರನ್ನು ದಾಟಿ ಅವರ ಪೊರಕೆಯನ್ನು ನೋಡುವುದು ಬೇರೆ. ಅದು ನಮ್ಮ ಡ್ರಾಯಿಂಗ್ ಮೇಷ್ಟ್ರ ರಬ್ಬರಿನ ಇನ್ನೊಂದು ತುದಿ. ಅವರು ಪೊರಕೆ ಅಳಿಸಿದರು, ನಾನು ಅವ್ವನನ್ನು ಅಳಿಸುತ್ತಿದ್ದೆ.

ಆಮೇಲೆ ಅವಳನ್ನು ಕೇಳಿದೆ, ಏನು ತೆಗೀಲಿ ಅಂತ. ಅವಳು ಸೆರಗು ಸರಿಮಾಡಿಕೊಂಡು ಕೂತಳು. ಪೊರಕೆ ಬೇಡ ಅಂದಳು. ಒಳಗಿಂದ ಒಂದು ಸ್ಟೀಲ್ ಡಬ್ಬಿ ತಂದು ಪಕ್ಕದಲ್ಲಿಟ್ಟಳು. ಅದರಲ್ಲಿ ನನ್ನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ರೇಷನ್ ಕಾರ್ಡು, ಇಪ್ಪತ್ತು ವರ್ಷದ ಸಂಬಳದ ಚೀಟಿಗಳು ಇದ್ದವು. ಓದಲು ಬಾರದವಳು ಒಂದನ್ನೂ ಎಸೆದಿರಲಿಲ್ಲ. "ಇದ್ನ ತೆಗಿ" ಅಂದಳು. ತೆಗೆದೆ.

ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಮಿತ್ರರೇ, ಈಗ ಮೊಬೈಲು ಎಲ್ಲರ ಕೈಯಲ್ಲೂ ಇದೆ. ಡ್ರಾಯಿಂಗ್ ಕ್ಲಾಸಿನಲ್ಲಿ ಸೇಬು ಇಡಬೇಡಿ ಅಂತ ನಾನು ಹೇಳುವುದಿಲ್ಲ. ಮಕ್ಕಳು ತಮ್ಮ ಮನೆಯ ಒಂದು ಸಾಮಾನು ತರಲಿ. ಅದು ಯಾರದು, ಯಾವ ಕೆಲಸದ್ದು, ಯಾಕೆ ಇಟ್ಟುಕೊಂಡಿದ್ದಾರೆ ಅಂತ ಕೇಳಿಕೊಂಡು ಬರಲಿ. ಯಾವುದನ್ನು ತೆಗೆಯಬೇಕು ಅನ್ನುವುದನ್ನು ಆ ಸಾಮಾನಿನವರೇ ಹೇಳಲಿ. ಫೋಟೋ ತೆಗೆದು, ಅವರು ಒಪ್ಪಿದರೆ ಅವರ ಹೆಸರು, ಊರು, ವರ್ಷ ಬರೆದಿಡಿ. ಮೊದಲ ಪ್ರತಿಯನ್ನು ಅವರ ಮನೆಗೇ ಕೊಟ್ಟು ಬನ್ನಿ.